ಉಳಿಸಿಟ್ಟ ಮೂರು ನಿಮಿಷ

ಮಾರ್ಲಿಸ್ ಗಂಡನ ಕೋಟಿನ ಎದೆಜೇಬಿನಿಂದ ಬಿಳಿ ಕರವಸ್ತ್ರವನ್ನು ಕಿತ್ತುಹಾಕಿ ಆ ಜಾಗಕ್ಕೆ ಅವನ ದಾರ ಕಟ್ಟಿದ ಕೋಚ್ ಸೀಟಿಯನ್ನು ತುರುಕುತ್ತಿದ್ದಳು. ಶವಪೆಟ್ಟಿಗೆಯ ಅಂಗಡಿಯವನು ಆ ಕರವಸ್ತ್ರವನ್ನು ಮೂರು ಮೂಲೆ ಕಾಣುವಂತೆ ಮಡಿಸಿ ಚಂದವಾಗಿ ಸಿಕ್ಕಿಸಿದ್ದ. ಆರ್ವಿಡ್ ಸ್ಕೋಗನ್ ಎಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಅಂಥದ್ದನ್ನು ಇಟ್ಟುಕೊಂಡವನಲ್ಲ. ಸತ್ತ ಮೇಲೆ ಶೋಕಿ ಯಾಕೆ ಎಂದು ಅವಳಿಗೆ ಸಿಟ್ಟು ಬಂದಿತ್ತು.

"ಅಮ್ಮಾ, ಸಾಕು ಬಿಡು. ದಾರ ಹೊರಗೆ ನೇತಾಡ್ತಿದೆ," ಎಂದಳು ಮಗಳು ಕಾರಿ.

"ನೇತಾಡ್ಲಿ. ಮನೇಲೂ ಹಾಗೇ ನೇತಾಡ್ತಿತ್ತು."

ಚರ್ಚಿನ ಪಕ್ಕದ ಕೋಣೆಯ ಬಾಗಿಲಲ್ಲಿ ಪಾದ್ರಿ ಟೋರ್ಸನ್ ಬಂದು ನಿಂತು ಕೆಮ್ಮಿದರು. ಅವರು ಈ ಊರಿಗೆ ಬಂದು ಒಂದು ವರ್ಷವಾಗಿತ್ತು ಅಷ್ಟೆ. ಇಲ್ಲಿನ ಹಳೆಯ ಜಗಳಗಳ ಗಂಧಗಾಳಿಯೂ ಅವರಿಗೆ ಗೊತ್ತಿರಲಿಲ್ಲ.

"ಮಾರ್ಲಿಸ್, ಕೋಚ್ ಬ್ರಾಂಟ್ಲಿ ಬಂದಿದ್ದಾರೆ. ಕೋಚ್‌ಗಳ ಸಂಘದ ಪರವಾಗಿ ನಾಲ್ಕು ಮಾತಾಡ್ಬೇಕಂತೆ. ಹನ್ನೊಂದು ಗಂಟೆ ಕಾರು ಓಡಿಸ್ಕೊಂಡು ಬಂದಿದ್ದಾರೆ, ಪಾಪ."

ಕಾರಿ ಕೈಯಲ್ಲಿದ್ದ ಹೂಗುಚ್ಛವನ್ನು ಕುರ್ಚಿಯ ಮೇಲೆ ಎಸೆದಳು. "ಆ ಮನುಷ್ಯ ಇವತ್ತು ಇಲ್ಲಿ ಬಾಯಿ ಬಿಡಕೂಡದು."

"ಮಾತಾಡ್ಲಿ," ಎಂದಳು ಮಾರ್ಲಿಸ್.

ಕಾರಿ ತಾಯಿಯ ಮುಖವನ್ನೇ ನೋಡಿದಳು. ತೊಳೆಯದ ಪಾತ್ರೆ ವಾಪಸು ಕೊಟ್ಟಳೆಂದು ಪಕ್ಕದ ಮನೆಯ ಐರೀನಳ ಜತೆ ಹದಿನೇಳು ವರ್ಷ ಮಾತು ಬಿಟ್ಟ ಹೆಂಗಸು ಇವಳು. ಅಂಥವಳು ಬ್ರಾಂಟ್ಲಿಯನ್ನು ಇಷ್ಟು ಸುಲಭಕ್ಕೆ ಒಪ್ಪಿದ್ದು ಮಗಳಿಗೆ ಸರಿಬೀಳಲಿಲ್ಲ.

"ಎಷ್ಟು ಹೊತ್ತು ಮಾತಾಡ್ತಾನಂತೆ?"

"ಒಂದೈದು ನಿಮಿಷ."

"ಕೊಡಿ. ಮೊದಲನೇ ಹಾಡು ಮುಗಿದ ಮೇಲೆ ಕೊಡಿ. ಆರ್ವಿಡ್‌ನ ತಂಡದ ಹುಡುಗ್ರೆಲ್ಲ ಮುಂದಿನ ಎರಡು ಸಾಲಲ್ಲಿ ಇರ್ಲಿ. ಪಾಮರ್‌ನ ನನ್ನ ಸಾಲಿನ ತುದೀಲಿ ಕೂರಿಸಿ. ವಾಚು ಕಟ್ಕೊಂಡು ಬಂದಿದಾನಾ ನೋಡಿ."

ಪಾಮರ್ ಎಂದರೆ ಕಾಲೇಜಿನ ಆಟಗಳಲ್ಲಿ ಮೂವತ್ತು ವರ್ಷ ಸಮಯ ನೋಡಿ ಸಾರಲು ಗಡಿಯಾರದ ಮೇಜಿಗೆ ಕೂತ ಮುದುಕ. ಪಾದ್ರಿಗೆ ಇದೆಲ್ಲ ದುಃಖದಲ್ಲಿರುವ ವಿಧವೆಯ ಹಂಬಲವಾಗಿ ಕಂಡಿತು. ತಲೆಯಾಡಿಸಿ ಹೋದರು.

*

ಹತ್ತು ವರ್ಷದ ಹಿಂದಿನವರೆಗೆ ನಮ್ಮ ಹಾಲ್ವರ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಸಣ್ಣ ಲೀಗಿನಲ್ಲಿ ಆಡಿಕೊಂಡು ಹಾಯಾಗಿತ್ತು. ಎದುರಾಳಿಗಳೆಲ್ಲ ಎರಡು ಗಂಟೆಯ ಬಸ್ಸಿನ ದೂರದವರು, ನಮ್ಮಂತೆಯೇ ಮೆಕ್ಕೆಜೋಳದ ಹೊಲಗಳ ನಡುವೆ ಬೆಳೆದವರು. ತಂಡದ ಕೋಚ್ ಆರ್ವಿಡ್ ಆ ಲೀಗನ್ನು ಒಂಬತ್ತು ಸಲ ಗೆದ್ದಿದ್ದ. ಅಷ್ಟರಲ್ಲಿ ಕಾಲೇಜಿಗೆ ಹೊಸ ಅಧ್ಯಕ್ಷ ಬಂದ. ಅವನಿಗೆ ದೊಡ್ಡ ಲೀಗಿನ ಹುಚ್ಚು ಹತ್ತಿತ್ತು.

"ನಾವು ಬೆಳೀಬೇಕು, ಆರ್ವಿಡ್," ಎಂದ ಅಧ್ಯಕ್ಷ.

"ಬೆಳೆಯೋಣ ಸಾರ್. ನನ್ನ ಹುಡುಗ್ರನ್ನೂ ಒಂದು ನಾಲ್ಕಿಂಚು ಬೆಳೆಸಿಕೊಡಿ," ಎಂದ ಆರ್ವಿಡ್. ಅಧ್ಯಕ್ಷ ನಗಲಿಲ್ಲ, ತಂಡವನ್ನು ದೊಡ್ಡ ಲೀಗಿಗೆ ಸೇರಿಸಿಯೇಬಿಟ್ಟ.

ದೊಡ್ಡ ಲೀಗಿನ ತಂಡಗಳಲ್ಲಿ ಎಲ್ಲರಿಗಿಂತ ಕುಳ್ಳನಾದವನು ನಮ್ಮ ತಂಡದ ಎಲ್ಲರಿಗಿಂತ ಉದ್ದದವನಷ್ಟಿದ್ದ. ಆರ್ವಿಡ್‌ಗೆ ಆಗ ಅರವತ್ತೊಂದು. ಮೂವತ್ತು ವರ್ಷ ಹೇಳಿಕೊಟ್ಟ ಓಟದ ಆಟವನ್ನು ಬದಿಗಿಟ್ಟು ಅವನು ಮತ್ತೆ ಒಂದರಿಂದ ಕಲಿಯಲು ಕೂತ. ಅಡುಗೆಮನೆಯ ಮೇಜಿನ ಮೇಲೆ ಮಾರ್ಲಿಸಳ ಹೊಲಿಗೆಡಬ್ಬಿಯ ಗುಂಡಿಗಳನ್ನು ಹರಡಿ, ಕಪ್ಪು ಗುಂಡಿ ಅವರು, ಬಿಳಿ ಗುಂಡಿ ನಾವು ಎಂದು ಸರಿಸಿ ಸರಿಸಿ ನೋಡುತ್ತಿದ್ದ. ಓಡಿದರೆ ಸಾಯುತ್ತೇವೆ, ಚೆಂಡನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು, ಇಪ್ಪತ್ತು ಸಲ ಕೈ ಬದಲಾಯಿಸಿ ಆಮೇಲೆ ಬುಟ್ಟಿಯ ಕಡೆ ನೋಡಬೇಕು ಎಂದು ತೀರ್ಮಾನಿಸಿದ. ಆದರೂ ಮೊದಲ ಚಳಿಗಾಲದಲ್ಲಿ ಇಪ್ಪತ್ತನಾಲ್ಕು ಆಟ ಸೋತರು.

ಅದರಲ್ಲಿ ಒಂದು ಬ್ರಾಂಟ್ಲಿಯ ಊರಿನಲ್ಲಿ. ಅವನು ಆ ಲೀಗಿನ ರಾಜ. ಅವನ ತಂಡ ನಲವತ್ತೊಂದು ಅಂಕ ಮುಂದಿತ್ತು, ಆಟ ಮುಗಿಯಲು ಒಂಬತ್ತು ಸೆಕೆಂಡ್ ಇತ್ತು. ಆಗ ಬ್ರಾಂಟ್ಲಿ ಟೈಮ್‌ಔಟ್ ಕೇಳಿದ. ಆಟವನ್ನು ಒಂದು ನಿಮಿಷ ನಿಲ್ಲಿಸಿ ಹುಡುಗರನ್ನು ಸುತ್ತ ಕರೆದುಕೊಳ್ಳಲು ಕೋಚ್‌ಗೆ ಇರುವ ಹಕ್ಕು ಅದು. ಸೋಲುವವನು ಉಸಿರು ಹಿಡಿಯಲು ಕೇಳುವಂಥದ್ದು. ಅವನು ಮಂಡಿಯೂರಿ ಕೂತು ಹಲಗೆಯ ಮೇಲೆ ಗೀಟು ಎಳೆದು ತೋರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತು ಸೆಕೆಂಡಿನಲ್ಲಿ ಇನ್ನೂ ಮೂರು ಅಂಕ ಹೊಡೆದರು.

ಆಟ ಮುಗಿದು ಕೈ ಕುಲುಕುವಾಗ ಬ್ರಾಂಟ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡಿ ಸ್ಕೋಗನ್. ಹುಡುಗ್ರಿಗೆ ಅಭ್ಯಾಸ ಆಗ್ಲಿ ಅಂತ. ನಿಮ್ಮಂಥವರ ಜತೆ ಆಡೋವಾಗ ಇನ್ನೇನ್ ಮಾಡೋದು ಹೇಳಿ."

ಆರ್ವಿಡ್ ಹುಡುಗರನ್ನೂ ಜತೆಗೆ ಬಂದಿದ್ದ ಹೆಂಡತಿಯನ್ನೂ ಬಸ್ಸು ಹತ್ತಿಸಿದ. ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಬಸ್ಸು ನಿಂತಾಗ, ಕಾಫಿ ಲೋಟ ಹಿಡಿದು ಹಿಮದಲ್ಲಿ ನಿಂತುಕೊಂಡು ಹೆಂಡತಿಗೆ ಹೇಳಿದ.

"ಒಂದಿನ ನಾನು ಅವನ ಮೇಲೆ ಗೆಲ್ತಿರ್ತೀನಿ. ಕೊನೇ ಸೆಕೆಂಡಿಗೆ ಮೂರು ಟೈಮ್‌ಔಟ್ ಉಳಿಸ್ಕೊಂಡಿರ್ತೀನಿ. ಒಂದಾದ ಮೇಲೊಂದು ಮೂರನ್ನೂ ತಗೋತೀನಿ. ಮೂರು ನಿಮಿಷ ಅವನು ಎಲ್ಲರೆದುರು ಬೆಪ್ಪನ ಹಾಗೆ ನಿಂತಿರ್ಬೇಕು."

"ಗೆದ್ದಾಗಿರುತ್ತಲ್ಲ. ಆ ಮೂರು ನಿಮಿಷ ಹುಡುಗ್ರಿಗೆ ಏನು ಹೇಳ್ತೀಯ?"

"ಊಟಕ್ಕೆ ಏನ್ ತಿಂತೀರೋ ಅಂತ ಕೇಳ್ತೀನಿ."

ಮದುವೆಯಾಗಿ ಮೂವತ್ತಾರು ವರ್ಷವಾಗಿತ್ತು. ಆ ಗಳಿಗೆಯಲ್ಲಿ ಮಾರ್ಲಿಸಳಿಗೆ ಗಂಡನ ಮೇಲೆ ಉಕ್ಕಿದಷ್ಟು ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

*

ಚರ್ಚಿನ ಮೊಗಸಾಲೆಯಲ್ಲಿ ಜನ ಕೋಟುಗಳನ್ನು ಗೂಟಕ್ಕೆ ಹಾಕುತ್ತ ಮಾತಾಡುತ್ತಿದ್ದರು. ಕೆಳಗಿನ ಅಡುಗೆಮನೆಯಿಂದ ಬೇಯಿಸಿದ ಹಂದಿಮಾಂಸದ, ಕಾಫಿಯ ವಾಸನೆ ಮೇಲೆ ಬರುತ್ತಿತ್ತು.

"ಒಳ್ಳೆ ಮನುಷ್ಯ. ಕೊನೆಕೊನೆಗೆ ಮಾತ್ರ ತಲೆ ಸ್ವಲ್ಪ ಮಂಕಾಗಿತ್ತು," ಎಂದ ಕ್ಷೌರದಂಗಡಿಯ ಲವೆರ್ನ್.

"ಸ್ವಲ್ಪ ಏನು ಬಂತು? ಮೂರು ಟೈಮ್‌ಔಟ್ ಜೇಬಲ್ಲಿಟ್ಕೊಂಡು ಸೋತ ಕೋಚ್ ಇಡೀ ರಾಜ್ಯದಲ್ಲಿ ಇವನೊಬ್ನೇ ಇರ್ಬೇಕು," ಎಂದ ಇನ್ನೊಬ್ಬ. "ಮರೆತೇಬಿಟ್ಟ. ಎಲ್ಲಾರೂ ಕೂಗ್ತಿದ್ವಿ, ಕಿವಿಗೇ ಹಾಕ್ಕೊಳ್ಳಲಿಲ್ಲ."

ಗೋಡೆಗೆ ಒರಗಿದ್ದ ಉದ್ದನೆಯ ಕರಿಯ ಯುವಕನೊಬ್ಬ ತಿರುಗಿದ. ಅವನು ಕೀನನ್, ಆ ಆಟದಲ್ಲಿ ಚೆಂಡು ನಡೆಸಿದವನು. ಈಗ ಒಮಾಹಾದಲ್ಲಿ ಶಾಲೆಯ ಮೇಷ್ಟ್ರು.

"ಕೋಚ್‌ನ ಏನೂ ಅನ್ಬೇಡಿ ಸಾರ್. ಚೆಂಡು ಕಳ್ಕೊಂಡಿದ್ದು ನಾನು. ನಾಲ್ಕು ಸಲ."

"ನಿನ್ನನ್ನ ಅಂದಿಲ್ಲಪ್ಪ."

"ಅನ್ಬೇಕಾಗಿಲ್ಲ. ಆರು ವರ್ಷದಿಂದ ನನ್ನನ್ನ ನಾನೇ ಅಂದ್ಕೋತಿದೀನಿ."

ಬಾಗಿಲ ಬಳಿ ನಿಂತಿದ್ದ ಮಾರ್ಲಿಸ್ ಎರಡನ್ನೂ ಕೇಳಿಸಿಕೊಂಡಳು. ಅಷ್ಟರಲ್ಲಿ ಬ್ರಾಂಟ್ಲಿ ಬಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕಂಕುಳಲ್ಲಿ ಸಂಘದವರು ಕೊಟ್ಟ ಫಲಕವಿತ್ತು.

"ಮಿಸೆಸ್ ಸ್ಕೋಗನ್, ಆರ್ವಿಡ್ ನನಗೆ ಅಣ್ಣನ ಹಾಗೆ."

"ಹೌದಾ? ಅವನೂ ನಿಮ್ಮನ್ನ ದಿನಾ ನೆನೆಸ್ಕೋತಿದ್ದ."

"ಸುಖದ ಸಾವು ಅಂತೆ. ಟಿವಿಯಲ್ಲಿ ಆಟ ನೋಡ್ತಾ ನೋಡ್ತಾ..."

"ನಿಮ್ಮದೇ ಆಟ. ನಾಲ್ಕು ನಿಮಿಷ ಇತ್ತು, ನೀವು ಹಿಂದೆ ಇದ್ರಿ. ಆಂಬ್ಯುಲೆನ್ಸ್ ಬರೋ ಹೊತ್ತಿಗೆ ಮುಗಿದಿತ್ತು. ನೀವು ಸೋತ್ರಿ ಅಂತ ಅವನ ಕಿವೀಲಿ ಹೇಳಿ ಕಳಿಸ್ದೆ."

ಬ್ರಾಂಟ್ಲಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೈ ಬಿಟ್ಟು ಒಳಗೆ ಹೋದ.

*

ದೊಡ್ಡ ಲೀಗಿನ ನಾಲ್ಕನೆಯ ವರ್ಷ, ನಮ್ಮದೇ ಅಂಗಳದಲ್ಲಿ, ಆರ್ವಿಡ್‌ನ ಹುಡುಗರು ಬ್ರಾಂಟ್ಲಿಯ ತಂಡವನ್ನು ಒಂಬತ್ತು ಅಂಕ ಹಿಂದೆ ಹಾಕಿದ್ದರು. ಮೂರು ನಿಮಿಷದ ಆಟ ಉಳಿದಿತ್ತು, ಮೂರು ಟೈಮ್‌ಔಟ್ ಉಳಿದಿದ್ದವು. ಗುಂಡಿಗಳು ಕಲಿಸಿದ ಆಟ ಕೊನೆಗೂ ಹುಡುಗರ ಮೈಗೆ ಹತ್ತಿತ್ತು. ಊರಿಗೆ ಊರೇ ಎದ್ದು ನಿಂತಿತ್ತು.

ಆದರೆ ಹುಡುಗರು ದಣಿದು ಹೈರಾಣಾಗಿದ್ದರು. ಬ್ರಾಂಟ್ಲಿ ದಣಿಯದ ಹೊಸ ಆಟಗಾರರನ್ನು ಇಳಿಸುತ್ತಲೇ ಇದ್ದ. ಕೀನನ್ ಚೆಂಡು ಕಳೆದುಕೊಂಡ, ಒಂಬತ್ತು ಏಳಾಯಿತು. ಅವನು ಬೆಂಚಿನ ಕಡೆ ನೋಡಿ, ಒಂದು ಬಿಡುವು ಕೊಡಿ ಎಂದು ಕಣ್ಣಲ್ಲೇ ಬೇಡಿದ. ಮತ್ತೆ ಕಳೆದುಕೊಂಡ, ನಾಲ್ಕಾಯಿತು. ಆಗ ಆರ್ವಿಡ್ ಟೈಮ್‌ಔಟ್ ಕೇಳಲು ಎರಡೂ ಕೈ ಎತ್ತಿದ. ಎತ್ತಿದವನು ಹಾಗೇ ತಿರುಗಿ, ಬೆಂಚಿನ ಹಿಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದ.

ಮಾರ್ಲಿಸ್ ಬೇಡವೆಂದು ತಲೆಯಾಡಿಸಿದಳು. ಮೂರು ಬೇಕು, ಎರಡಾದರೆ ಸಾಲದು. ಮೂರು ವರ್ಷ ಅವಳು ಕಾದದ್ದು ಮೂರು ನಿಮಿಷಕ್ಕೆ.

ಆರ್ವಿಡ್ ಕೈ ಇಳಿಸಿ ಜೇಬಿಗೆ ಹಾಕಿಕೊಂಡ. ಒಂದು ಅಂಕದಿಂದ ಸೋತರು. ಮುಂದಿನ ವಾರ ಅಧ್ಯಕ್ಷ ಅವನನ್ನು ಕರೆದು, ನೀವಿನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದ. ಯಾಕೆ ಟೈಮ್‌ಔಟ್ ಕೇಳಲಿಲ್ಲ ಎಂದು ಪತ್ರಿಕೆಯವರು ಕೇಳಿದರು, ಕ್ಷೌರದಂಗಡಿಯಲ್ಲಿ ಕೇಳಿದರು, ಮಗಳೂ ಕೇಳಿದಳು. "ಮರೆತೆ," ಎಂದೇ ಎಲ್ಲರಿಗೂ ಹೇಳಿದ. ಆರು ವರ್ಷ ಶಾಲೆಯ ಬಸ್ಸು ಓಡಿಸಿಕೊಂಡು, ಮರೆಗುಳಿ ಎನಿಸಿಕೊಂಡೇ ಬದುಕಿದ. ಹೆಂಡತಿಯ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಮನೆಯಲ್ಲಿ ಸಹ ಎತ್ತಲಿಲ್ಲ. ಅದು ಅವಳನ್ನು ಒಳಗೇ ಸುಟ್ಟಿತು. ಪ್ರತಿ ವರ್ಷ ಕೀನನ್‌ನ ಹುಟ್ಟುಹಬ್ಬಕ್ಕೆ ಆರ್ವಿಡ್ ಕಾರ್ಡು ಬರೆಯುವುದನ್ನು ಅವಳು ಎದುರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

*

ಹಾಡು ಮುಗಿಯಿತು. ಬ್ರಾಂಟ್ಲಿ ಶವಪೆಟ್ಟಿಗೆಯ ಪಕ್ಕದ ಮಾತಿನ ಪೀಠಕ್ಕೆ ಹೋಗಿ ಫಲಕವನ್ನು ನಿಲ್ಲಿಸಿ, ಕಾಗದ ಬಿಡಿಸಿದ.

"ಗೆಲ್ಲೋದು ಎಲ್ಲರಿಗೂ ಬರುತ್ತೆ," ಎಂದು ಶುರುಮಾಡಿದ. "ಸೋಲೋದನ್ನ ಆರ್ವಿಡ್ ಸ್ಕೋಗನ್ ಹಾಗೆ ಸೋಲೋಕೆ ಯಾರಿಗೂ ಬರಲ್ಲ."

ಮಾರ್ಲಿಸ್ ಎದ್ದು ನಿಂತಳು. ಎಡ ಅಂಗೈಯನ್ನು ಮಲಗಿಸಿ, ಬಲಗೈ ಬೆರಳುಗಳ ತುದಿಯನ್ನು ಕೆಳಗಿನಿಂದ ಅದಕ್ಕೆ ತಾಗಿಸಿದಳು. ಆಟ ಬಲ್ಲವರಿಗೆ ಆ ಗುರುತು ಹೇಳಿಕೊಡಬೇಕಾಗಿಲ್ಲ.

ಪಾಮರ್‌ಗೆ ಮೂವತ್ತು ವರ್ಷದ ಅಭ್ಯಾಸ. ವಾಚಿನ ಗುಂಡಿ ಒತ್ತಿ, ಒಡಕು ದನಿಯಲ್ಲಿ ಸಾರಿದ: "ಟೈಮ್‌ಔಟ್, ಹಾಲ್ವರ್."

ಮೊದಲು ಎದ್ದವನು ಕೀನನ್. ಅವನ ಹಿಂದೆ ಉಳಿದವರು ಎದ್ದರು. ಬೊಜ್ಜು ಬಂದವರು, ತಲೆ ಬೋಳಾದವರು, ಮಂಡಿ ಹಿಡಿದುಕೊಂಡು ಏಳುವವರು, ಹದಿನಾಲ್ಕು ಜನ ಬಂದು ಪೆಟ್ಟಿಗೆಯನ್ನೂ ಮಾರ್ಲಿಸಳನ್ನೂ ಸುತ್ತುವರಿದು ಹೆಗಲಿಗೆ ಹೆಗಲು ಕೊಟ್ಟು ಬಾಗಿದರು. ಅವರ ಬೆನ್ನು ಬ್ರಾಂಟ್ಲಿಯ ಕಡೆಗಿತ್ತು.

"ಏನಾದ್ರೂ ಹೇಳ್ಬೇಕಾ, ಮಿಸೆಸ್ ಸ್ಕೋಗನ್?" ಎಂದ ಕೀನನ್ ಮೆಲ್ಲಗೆ.

"ಏನಿಲ್ಲ. ಸುಮ್ನೆ ನಿಂತ್ಕೊಳ್ಳಿ. ಅವನೂ ನಿಂತಿರ್ಲಿ."

"ಸಮಯ ಆಯ್ತು," ಎಂದ ಪಾಮರ್. ಎಲ್ಲರೂ ಹೋಗಿ ಕೂತರು. ಬ್ರಾಂಟ್ಲಿ ಗಂಟಲು ಸರಿಮಾಡಿಕೊಂಡು ಕಾಗದ ಎತ್ತಿದ. ಮಾರ್ಲಿಸ್ ಮತ್ತೆ ಎದ್ದು ಮತ್ತೆ ಅದೇ ಗುರುತು ಮಾಡಿದಳು.

"ಟೈಮ್‌ಔಟ್, ಹಾಲ್ವರ್. ಎರಡನೇದು."

ಪಾದ್ರಿ ಅರ್ಧ ಎದ್ದರು. ಕಾರಿ ಅವರ ತೋಳು ಹಿಡಿದು ಕೂರಿಸಿದಳು.

ಈ ಸಲ ಮಾರ್ಲಿಸ್ ಕೀನನ್‌ನ ಕೊರಳಪಟ್ಟಿ ಹಿಡಿದು ಅವನ ತಲೆಯನ್ನು ತನ್ನ ಬಾಯಿಯವರೆಗೆ ಬಗ್ಗಿಸಿಕೊಂಡಳು. ಆದರೆ ಅವಳು ಹೇಳಿದ್ದು ಲವೆರ್ನ್ ಕೂತಿದ್ದ ಸಾಲಿನವರೆಗೂ ಕೇಳಿಸಿತು.

"ಅವನು ಮರೆತಿರ್ಲಿಲ್ಲ ಕಣೋ. ನಿನ್ನ ನೋಡಿ ಕೈ ಎತ್ತಿದ್ದ. ಬೇಡ ಅಂದವಳು ನಾನು. ಈ ಬ್ರಾಂಟ್ಲಿಗೆ ಅಂತ ಮೂರನ್ನೂ ಉಳಿಸಿಟ್ಟಿದ್ವಿ. ನೀನು ಕಳ್ಕೊಂಡಿದ್ದಲ್ಲ, ನಾನು ಕಳೆದಿದ್ದು. ನಿಂಗೂ, ಅವನಿಗೂ."

ಕೀನನ್ ಬಗ್ಗಿದವನು ಬಗ್ಗಿಯೇ ಇದ್ದ. ಅವನ ಹೆಗಲು ಅಲುಗಿತು. ಪಕ್ಕದವನು ಅವನ ಬೆನ್ನ ಮೇಲೆ ಕೈಯಿಟ್ಟ. ಕೀನನ್ ಕೊನೆಗೆ ಮೂಗು ಒರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಇನ್ನೂ ಒಂದು ಉಳಿದಿದೆಯಲ್ಲ?"

"ಉಳಿದಿದೆ."

"ಸಮಯ," ಎಂದ ಪಾಮರ್.

ಬ್ರಾಂಟ್ಲಿಗೆ ಈಗ ತಾನು ಅಂದು ಕೇಳಿದ ಟೈಮ್‌ಔಟ್ ನೆನಪಾಗಿತ್ತು. ಅವನ ಕಿವಿಗಳು ಕೆಂಪಗಾಗಿದ್ದವು. "ಮಿಸೆಸ್ ಸ್ಕೋಗನ್, ಅದು ಹಳೇ ಮಾತು, ನಾನು..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಹದಿನಾಲ್ಕು ಜನರೂ ಕೂತಲ್ಲಿಂದಲೇ ಕೈ ಎತ್ತಿ ಗುರುತು ಮಾಡಿದರು.

"ಟೈಮ್‌ಔಟ್, ಹಾಲ್ವರ್. ಕೊನೇದು," ಎಂದ ಪಾಮರ್. ಅವನ ದನಿಯ ಒಡಕು ಹೋಗಿತ್ತು.

ವೃತ್ತ ಮತ್ತೆ ಮುಚ್ಚಿಕೊಂಡಿತು. ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯ ಮೇಲೆ ಕೈ ಬಿದ್ದವು. ಎಲ್ಲಕ್ಕಿಂತ ಕೆಳಗೆ ಮಾರ್ಲಿಸಳ ಕೈಯಿತ್ತು.

"ಊಟಕ್ಕೆ ಏನ್ ತಿಂತೀರೋ?" ಎಂದು ಕೇಳಿದಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೆಳಗಡೆ ಹಂದಿಮಾಂಸದ ಸ್ಯಾಂಡ್‌ವಿಚ್ ಇದೆ ಅನ್ಸುತ್ತೆ," ಎಂದ ಒಬ್ಬ ಗಂಭೀರವಾಗಿ.

"ನಂಗೆ ಆಲೂಗಡ್ಡೆ. ಮೇಲೆ ಚೀಸ್ ಗರಿಗರಿ ಆಗಿರೋ ಕಡೆಯಿಂದ."

"ಐರೀನ್ ಮಾಡಿದ್ದು ಇದ್ರೆ ಮುಟ್ಬೇಡ. ಉಪ್ಪೇ ಹಾಕಲ್ಲ ಅವಳು," ಎಂದಳು ಮಾರ್ಲಿಸ್. "ನೀನು, ಕೀನನ್?"

"ಸೇಬಿನ ಕಡುಬು, ಮಿಸೆಸ್ ಸ್ಕೋಗನ್. ಎರಡು ತುಂಡು."

ಬ್ರಾಂಟ್ಲಿ ಪೀಠದ ಹಿಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಇನ್ನೆಷ್ಟು ಸೆಕೆಂಡ್ ಉಳಿದಿದೆ ನೋಡೋಣವೆಂದು ಅಭ್ಯಾಸಬಲದಿಂದ ತಲೆಯೆತ್ತಿ ಎದುರು ಗೋಡೆಯನ್ನು ನೋಡಿದ. ಅಲ್ಲಿ ಗಡಿಯಾರವಿರಲಿಲ್ಲ. ಇನ್ನೂ ಹಾಡಬೇಕಾದ ಹಾಡುಗಳ ಸಂಖ್ಯೆ ಬರೆದ ಮರದ ಹಲಗೆಯೊಂದು ತೂಗುತ್ತಿತ್ತು.