ಅಕ್ಕನ ಅಭಿಪ್ರಾಯ

‘ನಿನ್ನೆ ಸೀರಿಯಲ್ ಭಾಳ ಛಂದ ಇತ್ತು. ನಾ ಬರೂದಿಲ್ಲ. ಆರಾಮ ಇದ್ದೀನಿ, ಫೋನ್ ಮಾಡಬ್ಯಾಡ.’

ನಾರಾಯಣಪೇಟೆಯ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ ನಿಂತು ಕೃಷ್ಣಪ್ರಿಯಾ ಆ ಮೆಸೇಜನ್ನು ಮೂರು ಸಲ ಓದಿದಳು. ಬಂದದ್ದು ಗದ್ವಾಲದಿಂದ, ಅಕ್ಕ ಭೀಮಾಬಾಯಿಯ ನಂಬರಿನಿಂದ. ಬರುವುದಿಲ್ಲ ಎಂಬ ಮಾತು ಅವಳನ್ನು ಅಷ್ಟು ಹೆದರಿಸಲಿಲ್ಲ. ಗಂಡನಿಂದ ಪೆಟ್ಟು ತಿಂದು, ಬಂದೇಬಿಡುತ್ತೇನೆ ಎಂದವಳು ಬೆಳಗಾಗುವುದರೊಳಗೆ ಮನಸ್ಸು ಬದಲಿಸಿದ್ದು ಹಿಂದೆಯೂ ಎರಡು ಸಲ ಆಗಿತ್ತು. ಹೆದರಿಸಿದ್ದು ಮೊದಲನೆಯ ಸಾಲು.

ಆ ಸೀರಿಯಲ್ಲನ್ನು ಕಂಡರೆ ಅಕ್ಕನಿಗೆ ಆಗದು. ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಓದಿ ಹೇಳುತ್ತಿದ್ದ ಹಳೇ ಪತ್ತೇದಾರಿ ಕಥೆಗಳನ್ನೇ ಟೀವಿಯವರು ಈಗಿನ ಕಾಲಕ್ಕೆ ತಿರುಗಿಸಿ ತೋರಿಸುತ್ತಿದ್ದರು. ಕೊಡೆ ಹಿಡಿದು ಕೆಸರಿನಲ್ಲಿ ಹೆಜ್ಜೆ ಗುರುತು ಹುಡುಕುತ್ತಿದ್ದ ಪತ್ತೇದಾರ ಈಗ ಚರ್ಮದ ಕೋಟು ತೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ. ಅಭಿಮಾನಿಗಳ ವಾಟ್ಸಪ್ ಗುಂಪಿನಲ್ಲಿ ಇನ್ನೂರು ಜನ ಹೊಗಳುತ್ತಿದ್ದರೆ ಅಕ್ಕ ಒಬ್ಬಳೇ ಜಗಳಕ್ಕೆ ನಿಲ್ಲುತ್ತಿದ್ದಳು. ‘ಕ್ಯಾಮೆರಾದಾಗ ಕಳ್ಳ ಕಂಡ ಮ್ಯಾಲೆ ಪತ್ತೇದಾರ ಯಾಕ ಬೇಕ್ರಿ? ಕರೆಂಟ್ ಹೋದ್ರ ಅಂವನ ಬುದ್ಧೀನೂ ಹೋಗ್ತೈತಿ’ ಎಂದು ಬರೆಯುವಳು. ಮನೆಯಲ್ಲಿ ತುಟಿ ಪಿಟಕ್ಕೆನ್ನದ ಅಕ್ಕನಿಗೆ ಅಲ್ಲಿ ಮಾತ್ರ ಬಾಯಿ ಬರುತ್ತಿತ್ತು. ಕೃಷ್ಣಪ್ರಿಯಾ ಬೇಕೆಂದೇ ಸೀರಿಯಲ್ಲನ್ನು ಹೊಗಳಿ ಕೆಣಕುತ್ತಿದ್ದಳು. ಬೈಗುಳ ಬಂದರೆ ಆ ವಾರ ಅಕ್ಕ ಕ್ಷೇಮವಾಗಿದ್ದಾಳೆ ಎಂದು ಲೆಕ್ಕ.

ಭಾವ ಜಯತೀರ್ಥನಿಗೆ ಗೊತ್ತಿದ್ದದ್ದು ಇಷ್ಟೇ: ಹೆಂಡತಿ ಪ್ರತಿ ಭಾನುವಾರ ತಪ್ಪದೆ ಅದನ್ನು ನೋಡುತ್ತಾಳೆ. ನೋಡುವವಳಿಗೆ ಹಿಡಿಸಿರಲೇಬೇಕು ಅಂದುಕೊಂಡಿದ್ದಾನೆ.

ಮೆಸೇಜು ಬಂದದ್ದು ಎಂಟೂಕಾಲಿಗೆ. ಇಂದು ಅಕ್ಕನ ಮಾವನ ತಿಥಿ. ನಸುಕಿನಲ್ಲೇ ಸ್ನಾನ ಮಾಡಿ ಮಡಿಯುಟ್ಟು ಒಲೆ ಹಚ್ಚಿದವಳು ಬ್ರಾಹ್ಮಣರ ಊಟ ಮುಗಿಯುವ ತನಕ ಯಾರನ್ನೂ ಮುಟ್ಟುವ ಹಾಗಿಲ್ಲ. ಫೋನು ಮುಟ್ಟಿಯಾಳೇ? ನಿನ್ನೆ ಸಂಜೆ ಅವಳೇ ಬರೆದಿದ್ದಳು: ‘ತಿಥಿ ಮುಗಿಸಿ ಬಂದುಬಿಡ್ತೀನಿ ಪ್ರಿಯಾ. ಇನ್ನ ತಡಕೊಳ್ಳಾಕ ಆಗೂದಿಲ್ಲ.’ ಫೋನು ಈಗ ಭಾವನ ಕೈಯಲ್ಲಿದೆ, ಅದನ್ನು ಅವನು ಓದಿದ್ದಾನೆ. ಓದಿ ಏನು ಮಾಡಿದ?

ಹೆಡ್‌ಮಾಸ್ತರರಿಗೆ ಏನು ಹೇಳಿ ಹೊರಟಳೋ ಅವಳಿಗೇ ನೆನಪಿಲ್ಲ. ಮಕ್ತಲದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ ಎಲ್ಲಿಗೆಂದು ಎರಡು ಸಲ ಕೇಳಬೇಕಾಯಿತು. ಹೊಸ ರಾಜ್ಯ ಬಂದ ಮೇಲೆ ಬಸ್ಸಿನ ಮೇಲಿನ ಹೆಸರು ಬದಲಾಗಿತ್ತೇ ಹೊರತು ರಸ್ತೆ ಹಾಗೇ ಇತ್ತು, ಪ್ರತಿ ಗುಂಡಿಗೂ ಬಸ್ಸು ನಿಂತು ನಿಂತು ಇಳಿಯುತ್ತಿತ್ತು. ಅಪ್ಪನ ಕಥೆಗಳಲ್ಲೆಲ್ಲ ಮೊದಲ ಪುಟದಲ್ಲೇ ಯಾರಾದರೂ ಸತ್ತಿರುತ್ತಿದ್ದರು. ಅದಾದ ಮೇಲೆಯೇ ಪತ್ತೇದಾರ ಬರುವುದು.

ಗದ್ವಾಲದ ಮನೆಯ ಪಡಸಾಲೆಯಲ್ಲಿ ಇಬ್ಬರು ಹಿರಿಯರು ಎಲೆಯ ಮುಂದೆ ಕೂತಿದ್ದರು. ಜಯತೀರ್ಥ ಮಡಿ ಧೋತರದಲ್ಲಿ ಬಾಗಿಲಿಗೆ ಬಂದ. ನಗುತ್ತಿದ್ದ.

“ಏನ್ ಪ್ರಿಯಾ, ಹೇಳದ ಕೇಳದ?”

“ಅಕ್ಕ ಎಲ್ಲಿ ಭಾವಾ?”

“ಮಡಿಯಾಗ ಇದ್ದಾಳ. ನೀ ಮುಟ್ಟಿದ್ರ ಅಡಗಿ ಎಲ್ಲಾ ಮೈಲಿಗಿ ಆಗ್ತೈತಿ. ಹೊರಗ ಕೂಡು.”

“ಅಕ್ಕಾ!” ಎಂದು ಕೂಗಿದಳು. ಇನ್ನೊಮ್ಮೆ ಕೂಗಿದಳು. ಸದ್ದಿಲ್ಲ. ಆಮೇಲೆ ಅವಳಿಗೆ ಯಾರ ಮಾತೂ ಕೇಳಿಸಲಿಲ್ಲ, ಪಡಸಾಲೆ ದಾಟಿ ಅಡಿಗೆಮನೆಯ ಹೊಸ್ತಿಲಿಗೆ ಬಂದುಬಿಟ್ಟಳು.

ಅಕ್ಕ ಒಲೆಯ ಮುಂದೆ ನಿಂತಿದ್ದಳು. ಬದುಕಿದ್ದಳು. ತಿರುಗಿದಾಗ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು.

ಹೊಸ್ತಿಲಲ್ಲಿ ಕೃಷ್ಣಪ್ರಿಯಾಳ ಕಾಲು ನಿಂತಿತು. ಬಸ್ಸಿನಲ್ಲಿ ಹತ್ತು ಜನಕ್ಕೆ ತಾಗಿದ ಸೀರೆ. ಒಂದು ಹೆಜ್ಜೆ ಇಟ್ಟರೆ ಸತ್ತವರ ಊಟ ಕೆಡುತ್ತದೆ. ಚಿಕ್ಕಂದಿನಿಂದ ಬಂದ ಅಂಜಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

“ದಾಟಬ್ಯಾಡ,” ಹಿಂದಿನಿಂದ ಜಯತೀರ್ಥ ಮೆಲ್ಲಗೆ ಹೇಳಿದ.

ಅಕ್ಕ ಇಬ್ಬರನ್ನೂ ನೋಡಿದಳು. ಸೌಟು ಕೆಳಗಿಟ್ಟಳು. ನೆಟ್ಟಗೆ ನಡೆದು ಬಂದು ಎಳ್ಳು ಬೆಲ್ಲ ಮೆತ್ತಿದ ಕೈಯಿಂದ ತಂಗಿಯ ಮುಂಗೈ ಹಿಡಿದಳು. ಪಡಸಾಲೆಯಲ್ಲಿ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು. ಜಯತೀರ್ಥ ಅವರ ಕಡೆ ಓಡಿದ.

“ನಡಿ,” ಅಂದಳು ಅಕ್ಕ.

ಬಸ್ಸಿನಲ್ಲಿ ಬಹಳ ಹೊತ್ತು ಇಬ್ಬರೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಆಮೇಲೆ ಅಕ್ಕ ಕೇಳಿದಳು, “ನನ್ನ ಫೋನಿನ್ಯಾಗ ಏನಂತ ಬರದಿದ್ದ?”

“ಸೀರಿಯಲ್ ಭಾಳ ಛಂದ ಇತ್ತಂತ.”

“ಥೂ!” ಎಂದಳು ಅಕ್ಕ. ನಗು ಬಂದು ಒಡೆದ ತುಟಿ ಉರಿದು ಕೈ ಅಡ್ಡ ಹಿಡಿದಳು.

ಬಸ್ಸು ಜೂರಾಲ ಡ್ಯಾಮಿನ ಮೇಲೆ ಬಂದಾಗ ಕೃಷ್ಣಪ್ರಿಯಾಳ ತೊಡೆಯ ಮೇಲೆ ಫೋನು ನಡುಗಿತು. ಪರದೆಯ ಮೇಲೆ ‘ಅಕ್ಕ’ ಎಂದು ಬಂತು. ಪಕ್ಕದಲ್ಲಿ ಕೂತ ಅಕ್ಕನೂ ಅದನ್ನು ಓದಿದಳು. ಕರೆ ನಿಂತಿತು, ಮತ್ತೆ ಬಂತು. ಅಕ್ಕ ಅದರ ಮೇಲೆ ಸೆರಗು ಮುಚ್ಚಿದಳು. ತೆಳ್ಳಗಿನ ಮಡಿಸೀರೆಯ ಒಳಗಿಂದ ಆ ಹೆಸರು ಕಾಣುತ್ತಲೇ ಇತ್ತು.