ಪೂರ್ತಿ ಅಂಕ

ಊರೂರು ಸುತ್ತಿ ಗಂಡಸರಿಗೆ ಅಂಕ ಹಾಕುವುದು ನನ್ನ ಕೆಲಸ. ನಗಬೇಡಿ. ಹೆಂಡತಿಯ ಮೇಲೆ ಕೈ ಮಾಡಬಾರದೆಂದು ಒಂದು ಸಂಸ್ಥೆಯವರು ಗಂಡಸರಿಗೆ ವರ್ಷವಿಡೀ ತರಬೇತಿ ಕೊಡುತ್ತಾರೆ. ಅವರು ಬದಲಾದರೋ ಇಲ್ಲವೋ ಎಂದು ನಾನು ಮೂರು ಸಲ ಹೋಗಿ ನೋಡುತ್ತೇನೆ. ಅಂಕ ಕಡಿಮೆಯಾದವರ ಮನೆಗೆ ಇನ್ನೊಂದು ವರ್ಷ ಹೋಗಬೇಕು. ಹೋಗುವ ಮುಂಚೆ ಫೋನ್ ಮಾಡಬೇಕು, ಅದೂ ನಿಯಮವೇ.

ಸುಗಟೂರಿನ ಮುರಳಿಮೋಹನನ ಮನೆಗೆ ಅದು ಮೂರನೆಯ ಭೇಟಿ. ಜಗುಲಿಯಲ್ಲಿ ಕೂರಿಸಿ ತಾನೇ ಕಾಫಿ ಮಾಡಿ ತಂದ. ರೇಷ್ಮೆ ಹುಳಕ್ಕೆ ಸೊಪ್ಪನ್ನೂ ತಾನೇ ಕೊಯ್ದು ತರುತ್ತಾನಂತೆ. ಹೆಂಡತಿ ರಮ್ಯ ಬಾಗಿಲಲ್ಲಿ ನಿಂತು ಎಲ್ಲಕ್ಕೂ ಹೂಂಗುಟ್ಟಿದಳು. ನನಗೆ ಖುಷಿಯೋ ಖುಷಿ. ಅಲ್ಲೇ ಕೂತು ಫೋನಿನಲ್ಲಿ ಪೂರ್ತಿ ಅಂಕ ತುಂಬಿ ಕಳಿಸಿಬಿಟ್ಟೆ.

"ಇನ್ನು ಮುಗೀತಾ ಅಕ್ಕ?" ಎಂದು ಕೇಳಿದ.

"ಮುಗೀತಪ್ಪ. ಇನ್ನು ಬಂದು ನಿಮ್ಮ ತಲೆ ತಿನ್ನಲ್ಲ," ಎಂದೆ.

ಅವನು ಲೋಟ ತೊಳೆಯಲು ಹೋದ. ರಮ್ಯ ನನ್ನನ್ನು ಹುಳದ ಮನೆಗೆ ಕರೆದಳು. ರೇಷ್ಮೆ ಸಾಕುವವರು ಹೊರಗಿನವರನ್ನು ಹುಳದ ಹತ್ತಿರ ಬಿಡುವುದಿಲ್ಲ. ರೋಗ ತಗುಲಿದರೆ ಬೆಳೆಯೇ ಹೋಗುತ್ತದೆ. ಹಿಂದಿನ ಎರಡು ಸಲವೂ ಇವಳೇ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ್ದಳು. ಈಗ ನನ್ನ ಕಾಲಿಗೆ ನೀರು ಹಾಕಿ, ಒಳಗೆ ಕರೆದು, ಬಾಗಿಲು ಮುಂದೆ ಮಾಡಿದಳು.

"ಸುನಂದಕ್ಕ, ಅವ್ರನ್ನ ಫೇಲ್ ಮಾಡಿ."

"ಯಾಕಮ್ಮ? ಹೊಡೀತಾನಾ?"

"ನೀವು ಬರ್ತೀರ ಅಂತ ಫೋನ್ ಬಂದ್ರೆ, ನೀವು ಬಂದು ಹೋಗೋವರ್ಗೂ ಮುಟ್ಟಲ್ಲ. ಗಾಯ ಕಾಣಿಸ್ತದೆ ಅಂತ. ಫೇಲ್ ಆದ್ರೆ ಇನ್ನೊಂದು ವರ್ಷ ಬರ್ತೀರಲ್ಲ."

"ಸಂಸ್ಥೆಯವ್ರಿಗೆ ಹೇಳ್ತೀನಿ ಇರು."

"ಬ್ಯಾಡಕ್ಕ. ನಾನೇ ಹೇಳ್ದೆ ಅಂತ ನಮ್ಮನೆಯವ್ರಿಗೆ ಗೊತ್ತಾಗೋಗ್ತದೆ. ಆಮೇಲೆ ನನ್ನ ಉಳಿಸಲ್ಲ."

ಮಾತಾಡುತ್ತಲೇ ಸೊಪ್ಪು ಹಾಕುತ್ತಿದ್ದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಳಿಸಿದ ಅಂಕವನ್ನು ಇನ್ನು ತಿದ್ದಲಾಗದು ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಹೊರಗೆ ಬಂದಾಗ ಮುರಳಿ ಅಂಗಳದಲ್ಲಿ ನಿಂತಿದ್ದ. ಅವನಿಗೆ ಕೇಳಲಿ ಎಂದೇ ಗಟ್ಟಿಯಾಗಿ, "ಮುಂದಿನ ತಿಂಗಳು ಮತ್ತೆ ಬರ್ತೀನಿ ಕಣಮ್ಮ ರಮ್ಯ," ಎಂದೆ. ದೊಡ್ಡ ಜಾಣತನ ಮಾಡಿದೆ ಅಂದುಕೊಂಡೆ.

"ಈಗ್ತಾನೆ ಮುಗೀತು ಅಂದ್ರಲ್ಲಕ್ಕ?" ಎಂದ ಮುರಳಿ.

ನಗುತ್ತಲೇ ಕೇಳಿದ. ನನ್ನ ಒದ್ದೆ ಕಾಲು ನೋಡಿದ. ಆಮೇಲೆ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ರಮ್ಯಳನ್ನು ನೋಡಿದ.