ಹತ್ತೊಂಬತ್ತನೇ ಪೆಟ್ಟಿಗೆಯ ಹುಳ

ಹತ್ತೊಂಬತ್ತನೇ ಪೆಟ್ಟಿಗೆಯ ತಳದಲ್ಲಿ ಅದು ಸಿಕ್ಕಾಗ ಗೋದಾಬಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಹನ್ನೊಂದಕ್ಕೆ ಅರಣ್ಯ ಇಲಾಖೆಯವರು ಬರುವವರಿದ್ದರು.

ಗೋದಾಬಾಯಿ ಅಂದರೆ ನಾರಾಯಣಗೂಡದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಲ್ಯಾಬ್ ಅಸಿಸ್ಟಂಟ್. ರಾಯಚೂರಿನಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ ಆಯಿತು. ಈ ನವೆಂಬರ್ ಮುಗಿದರೆ ನಿವೃತ್ತಿ. ಬಾಯಿ ಜೋರು. ಒಂದು ಪೆಟ್ಟಿಗೆಗೆ ಎರಡು ಗಿಡದ ಎಲೆ ಹಾಕಿದ ಹುಡುಗಿಯರನ್ನು ಅವರು ಬೈದದ್ದಕ್ಕೆ ಲೆಕ್ಕವಿಲ್ಲ. ಬೈಸಿಕೊಂಡು ಅತ್ತವರೆಲ್ಲ ಈಗ ಬೇರೆ ಬೇರೆ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದಾರೆ.

ಅದು ಎರಡು ಸಾವಿರದ ಎಂಟನೇ ಇಸವಿ. ಒಂದು ಹಾಳು ಕಣಜ ನೀಲಗಿರಿ ಸಸಿಗಳ ಬೆನ್ನು ಹತ್ತಿತ್ತು. ಕಣಜ ಅಂದರೆ ಕಡಿಯುವ ದೊಡ್ಡದಲ್ಲ, ಸಾಸಿವೆ ಕಾಳಿನಷ್ಟು ಜೀವ. ಅದು ಚಿಗುರಿನೊಳಗೆ ಮೊಟ್ಟೆ ಚುಚ್ಚಿದರೆ ಚಿಗುರು ಗಂಟುಗಂಟಾಗಿ ಉಬ್ಬುತ್ತದೆ, ಮರಿ ಆ ಗಂಟಿನೊಳಗೇ ಉಂಡು ಬೆಳೆಯುತ್ತದೆ, ಸಸಿ ಮುರುಟುತ್ತದೆ. ಔಷಧ ಹೊಡೆದರೆ ಒಳಗೆ ಇಳಿಯುವುದಿಲ್ಲ. ಆದರೆ ಇಂಥ ಗಂಟನ್ನು ಹೊರಗಿನಿಂದ ಚುಚ್ಚಿ, ಒಳಗಿನ ಮರಿಯ ಮೇಲೆ ತನ್ನ ಮೊಟ್ಟೆ ಇಟ್ಟು, ಆ ಮರಿಯನ್ನೇ ತನ್ನ ಮಕ್ಕಳಿಗೆ ಉಣ್ಣಿಸುವ ವೈರಿ ಕಣಜಗಳೂ ಇರುತ್ತವೆ. ಅಂಥದೊಂದನ್ನು ಹುಡುಕಿ ಸಾಕಿದರೆ ಕೆಲಸ ಆದಂತೆ.

ಹುಡುಕುವ ದಾರಿ ಸರಳ, ತಾಳ್ಮೆ ಬೇಕು ಅಷ್ಟೆ. ಗಂಟುಗಳನ್ನು ಕಪ್ಪು ಕಾಗದ ಸುತ್ತಿದ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಗೆ ಒಂದೇ ತೂತು, ತೂತಿಗೆ ಗಾಜಿನ ನಳಿಗೆ. ಗಂಟು ಕೊರೆದು ಹೊರಬಿದ್ದ ಹುಳ ಬೆಳಕು ಕಂಡು ನಳಿಗೆಗೆ ಬರುತ್ತದೆ. ನಳಿಗೆಗೆ ಚೀಟಿ ಅಂಟಿಸಬೇಕು: ಯಾವ ಗಿಡ, ಯಾವ ಜಾಗ, ಯಾವ ತಾರೀಖು, ಸಂಗ್ರಹಿಸಿದವರು ಯಾರು. ಬಾಲಾನಗರ, ಸನತ್‌ನಗರದ ಕಾರ್ಖಾನೆಗಳ ಕಂಪೌಂಡು ಅಲೆದು, ವಾಚ್‌ಮನ್‌ಗಳ ಜೊತೆ ತೆಲುಗಿನಲ್ಲಿ ಜಗಳಾಡಿ ಗಂಟು ತರುತ್ತಿದ್ದವರು ಗೋದಾಬಾಯಿ. ಚೀಟಿಯ ಕೊನೆಯ ಸಾಲಿನಲ್ಲಿ ಮಾತ್ರ ವಿಭಾಗದ ಮುಖ್ಯಸ್ಥರ ಹೆಸರು. ಮುಖ್ಯಸ್ಥರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಹದಿನಾಲ್ಕು ವರ್ಷದಿಂದ ಅದು ಜಯತೀರ್ಥ. ಅದೇ ಪದ್ಧತಿ. ಗೋದಾಬಾಯಿ ಬಾಯಿ ಮುಚ್ಚಿಕೊಂಡು ಬರೆದಿದ್ದರು, ಹೊಟ್ಟೆ ಉರಿದದ್ದು ಸುಳ್ಳಲ್ಲ.

ಐದು ದಿನದ ಹಿಂದೆ ಹತ್ತೊಂಬತ್ತನೇ ಪೆಟ್ಟಿಗೆಯಿಂದ ಹನ್ನೊಂದು ಹೊಸ ಹುಳ ಬಂದವು. ಹಸಿರು ಮಿರುಗುವ ಮೈ, ಹಿಂದೆ ಕೂದಲಿನಂಥ ಉದ್ದ ಮುಳ್ಳು. ಜಯತೀರ್ಥರು ಒಂದು ತಾಸು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಗೋದಾಬಾಯಿಯವ್ರ, ಇದು ಯಾವ ಪುಸ್ತಕದಾಗೂ ಇಲ್ಲ. ನೀಲಗಿರಿ ಗಂಟಿನ ವೈರಿ ಸಿಕ್ತು. ಕೂಡಿಸಿದಾಕಿ ನೀವು, ಚೀಟಿ ಮ್ಯಾಲೆ ನಿಮ್ಮ ಹೆಸರ ಬರೀರಿ. ಹುಳಕ್ಕೂ ನಿಮ್ಮ ಹೆಸರ ಇಡ್ತೀನಿ."

ಅವತ್ತು ಗೋದಾಬಾಯಿ ಮೂರು ಚೀಟಿ ಕೆಡಿಸಿ ನಾಲ್ಕನೆಯದರಲ್ಲಿ ತಮ್ಮ ಹೆಸರನ್ನು ದುಂಡಗೆ ಬರೆದಿದ್ದರು.

ಈಗ ಅದೇ ಪೆಟ್ಟಿಗೆ ಒರೆಸಲು ತೆರೆದರೆ, ಒಣಗಿದ ನೀಲಗಿರಿ ಕಡ್ಡಿಗಳ ಅಡಿಯಲ್ಲಿ ಒಂದು ಬನ್ನಿಯ ಟೊಂಗೆ. ಅದರ ತುಂಬ ಪುಟ್ಟ ಗಂಟುಗಳು, ಗಂಟುಗಳಲ್ಲಿ ಸೂಜಿ ಚುಚ್ಚಿದಂಥ ತೂತು. ಹಾಗಾದರೆ ಆ ಹಸಿರು ಹುಳ ಬಂದದ್ದು ಯಾವುದರಿಂದ?

ದಸರೆಯ ದಿನ ನೆನಪಾಯಿತು. ರಜೆ ಇದ್ದರೂ ಚಿಗುರು ಬಾಡೀತೆಂದು ಬಾಲಾನಗರಕ್ಕೆ ಹೋಗಿ ಗಂಟು ತಂದಿದ್ದರು. ಮನೆ ಹತ್ತಿರವೇ ಇದ್ದ ಜಯತೀರ್ಥರು ಲ್ಯಾಬಿನ ಬೀಗ ತೆಗೆಯಲು ಬಂದರು. ತಮ್ಮ ಹಿತ್ತಲ ಗಿಡದಿಂದ ತಾವೇ ಮುರಿದು ತಂದ ಬನ್ನಿಯನ್ನು ಗೋದಾಬಾಯಿಯ ಕೈಗಿಟ್ಟು, "ಬಂಗಾರದ್ಹಂಗ ಇರೋಣ್ರಿ" ಅಂದು, ಬಗ್ಗಿ ಕಾಲು ಮುಟ್ಟಿದರು. ಮುಖ್ಯಸ್ಥರು, ಲ್ಯಾಬ್ ಅಸಿಸ್ಟಂಟ್ ಕಾಲು! ಹಿರಿಯರಿಗೆ ಬನ್ನಿ ಕೊಟ್ಟು ನಮಸ್ಕರಿಸುವುದು ನಮ್ಮ ಕಡೆ ಇದ್ದದ್ದೇ, ಆದರೆ ಆ ಲ್ಯಾಬಿನಲ್ಲಿ ಗೋದಾಬಾಯಿಯನ್ನು ಯಾರೂ ಹಿರಿಯಳೆಂದು ಎಣಿಸಿರಲಿಲ್ಲ. ಕಣ್ಣು ತುಂಬಿತು. ಅಂಥ ಬನ್ನಿಯನ್ನು ಮೇಜಿನ ಮೇಲೆ ಎಸೆಯಲು ಮನಸ್ಸು ಬಾರದೆ ಕೈಲಿದ್ದ ಚೀಲಕ್ಕೇ ಇಳಿಬಿಟ್ಟರು. ಆಮೇಲೆ ಚೀಲವನ್ನು ಹಾಗೆಯೇ ಪೆಟ್ಟಿಗೆಗೆ ಸುರಿದರು, ಒಂದೊಂದೇ ಕಡ್ಡಿ ಆರಿಸಿ ನೋಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವತ್ತೊಂದೇ ದಿನ.

ಟೊಂಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚಿದರು. ಯಾರು ನೋಡಿದ್ದಾರೆ? ಒಲೆಗೆ ಹಾಕಿದರೆ ಮುಗಿಯಿತು. ಹೆಸರು ಉಳಿಯುತ್ತದೆ. ಆದರೆ ಈಗ ಬರುವ ಇಲಾಖೆಯವರು ಈ ಹುಳವನ್ನು ಒಯ್ದು ನರ್ಸರಿಗೆ ಬಿಟ್ಟು, ಇನ್ನು ಭಯವಿಲ್ಲವೆಂದು ಗಂಟುಬಿದ್ದ ಸಸಿ ಕಿತ್ತು ಸುಡುವುದನ್ನು ನಿಲ್ಲಿಸುತ್ತಾರೆ. ಲಕ್ಷಗಟ್ಟಲೆ ಸಸಿ ಹಾಳಾಗುತ್ತವೆ. ಅದರ ಮೇಲೆಲ್ಲ ಗೋದಾಬಾಯಿ ಅನ್ನುವ ಹೆಸರು.

"ಥೂ ನಿನ್ನ," ಅಂದುಕೊಂಡರು, ತಮಗೇ.

ಇನ್ನೂ ಒಂದು ಆಸೆ ಇತ್ತು. ಹುಳ ನೀಲಗಿರಿಯದೇ ಆಗಿರಲೂಬಹುದು. ಓಣಿಯ ಕೊನೆಯ ಹನುಮಂತನ ಗುಡಿಗೆ ಬಿರಬಿರನೆ ನಡೆದು, ಪೂಜಾರಿಯನ್ನು ಕೇಳಿ ಗಂಟಿರುವ ಹಸಿ ಬನ್ನಿ ತಂದರು. ಒಂದು ನಳಿಗೆಯಲ್ಲಿ ನೀಲಗಿರಿಯ ಹಸಿ ಗಂಟು, ಇನ್ನೊಂದರಲ್ಲಿ ಬನ್ನಿಯದು. ಗಂಟೆ ಹತ್ತೂ ಹತ್ತು. ಜೇನುತುಪ್ಪ ನೆಕ್ಕಿಸಿ ಬದುಕಿಸಿಟ್ಟಿದ್ದ ಹುಳಗಳಲ್ಲಿ ಒಂದನ್ನು ಕುಂಚದ ತುದಿಯಿಂದ ನೀಲಗಿರಿಯ ನಳಿಗೆಗೆ ಇಳಿಸಿ ಕನ್ನಡಕ ಏರಿಸಿದರು.

ಹುಳ ಗಂಟಿನ ಮೇಲೆ ಹತ್ತಿತು. ಮೀಸೆಯಿಂದ ತಟ್ಟಿ ನೋಡಿತು. ಚುಚ್ಚು ತಾಯಿ, ಒಂದು ಸಲ ಚುಚ್ಚು. ಹುಳ ಇಳಿದು ಗಾಜಿನ ಮೇಲೆ ಕೂತು ರೆಕ್ಕೆ ಒರೆಸಿಕೊಂಡಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹತ್ತೂ ಇಪ್ಪತ್ತೈದು.

ಅದೇ ಮೊದಲ ಹುಳವನ್ನು ಬನ್ನಿಯ ನಳಿಗೆಗೆ ಹಾಕಿದರು. ಗಂಟು ಮುಟ್ಟಿದ್ದೇ ತಡ, ಅದು ತಿರುಗಿ ನಿಂತು ಬೆನ್ನು ಎತ್ತಿ ಮುಳ್ಳನ್ನು ನೆಟ್ಟಗೆ ಒಳಗಿಳಿಸಿತು. ಗೋದಾಬಾಯಿ ಸ್ಟೂಲಿನ ಮೇಲೆ ಕೂತರು. ಅಳು ಬಂತು, ಅತ್ತರು.

ಜಯತೀರ್ಥರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದರು. "ಯಾಕ್ರೀ, ಏನಾತು?"

ಗೋದಾಬಾಯಿ ಲೆನ್ಸು ಕೊಟ್ಟು ಎರಡೂ ನಳಿಗೆ ತೋರಿಸಿದರು, ಸೊಂಟದ ಒಣ ಟೊಂಗೆ ತೆಗೆದು ಮೇಜಿನ ಮೇಲಿಟ್ಟರು. "ಹತ್ತೊಂಬತ್ತನೇ ಪೆಟ್ಟಿಗ್ಯಾಗ ಇತ್ರಿ."

ಅವರು ಬಗ್ಗಿ ನೋಡಿದರು. "ಯಾವ ಪುಣ್ಯಾತ್ಮರ ಕೆಲಸಾರೀ ಇದು? ಒಂದು ಪೆಟಿಗಿಗೆ ಎರಡು ಗಿಡ! ಅವರು ಈಗ ಬರ್ತಾರ, ನಾ ಏನ್ ಹೇಳ್ಲಿ?"

"ಹಾಕಿದಾಕಿ ನಾನ. ದಸರಾದಾಗ ನೀವು ಕೊಟ್ಟ ಬನ್ನಿರಿ ಅದು. ಒಗೀಲಿಕ್ಕೆ ಮನಸ್ಸಾಗ್ಲಿಲ್ಲ."

ಜಯತೀರ್ಥರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಣ ಟೊಂಗೆಯನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಫೋನೆತ್ತಿ ಇಲಾಖೆಗೆ ತೆಲುಗಿನಲ್ಲಿ ಹೇಳಿದರು: ಬರಬೇಡಿ, ನಮ್ಮದು ತಪ್ಪಾಗಿದೆ, ಸಸಿ ಸುಡುವುದನ್ನು ನಿಲ್ಲಿಸಬೇಡಿ. ಆ ಕಡೆಯವರು ಗದರುತ್ತಿದ್ದದ್ದು ಗೋದಾಬಾಯಿಯವರೆಗೂ ಕೇಳಿಸುತ್ತಿತ್ತು.

ಫೋನಿಟ್ಟು ಅವರು ಮೆಲ್ಲಗೆ ಅಂದರು, "ಹುಳ ಹೊಸಾದು, ಅದೇನ್ ಸುಳ್ಳಲ್ಲ. ಚೀಟಿ ಬದಲಿ ಮಾಡ್ರಿ. ಗಿಡ ಬನ್ನಿ ಅಂತ ಬರೀರಿ. ಕೆಳಗ ನಿಮ್ಮ ಹೆಸರ ಇರ್ಲಿ, ಯಾರ ಕೇಳ್ತಾರ?"

ಗೋದಾಬಾಯಿ ತಮ್ಮ ಹೆಸರಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದರು, ಹೊಸದನ್ನು ಕತ್ತರಿಸಿದರು. ಗಿಡ: ಬನ್ನಿ. ಜಾಗ: ನಾರಾಯಣಗೂಡ, ಮನೆಯ ಹಿತ್ತಲು. ತಾರೀಖು: ವಿಜಯದಶಮಿಯದು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.

"ಟೊಂಗಿ ಮುರದವರು ನೀವಲ್ಲೇನ್ರೀ, ಸರ್," ಅಂದರು.

ಜಯತೀರ್ಥ ಎಂದು ಬರೆದರು. ಮೂವತ್ತೊಂದು ವರ್ಷದಲ್ಲಿ ಆ ಸಾಲು ನಿಜವಾದದ್ದು ಅದೇ ಮೊದಲ ಸಲ.